ಗಂಡುಮೀನಿನ ಬಾಣಂತನ

ನಮ್ಮ ಮನೆಗೆ ಮೀನು ಬಂದದ್ದು ಡಾಕ್ಟರರ ಮಾತಿನಿಂದ. ಇಲ್ಲವಾದರೆ ಐನಾಪುರದ ನಮ್ಮ ಲಿಂಗಾಯತರ ಮನೆಯಲ್ಲಿ, ಅದೂ ನಮ್ಮವ್ವ ಇರುವ ಮನೆಯಲ್ಲಿ, ಮೀನು ಹೊಸ್ತಿಲು ದಾಟುವುದು ಕನಸಿನ ಮಾತು. ಹೊರಗೆಲ್ಲೋ ತತ್ತಿ ತಿಂದು ಬಂದವರನ್ನೇ ಅವ್ವ ಅಡುಗೆಮನೆಯ ಕಡೆ ಸುಳಿಯಗೊಡುತ್ತಿರಲಿಲ್ಲ.

ಕಾಯಿಲೆ ಅಣ್ಣನಿಗೆ. ದ್ರಾಕ್ಷಿ ತೋಟ ಪೂರ್ತಿ ಅವನ ಕೈಯಲ್ಲಿತ್ತು. ಬಳ್ಳಿ ಸವರುವ ಚಾಟ್ನಿ ಯಾವಾಗ, ಔಷಧ ಯಾವಾಗ, ನೀರು ಎಷ್ಟು, ಎಲ್ಲ ಅವನೇ. ಅಪ್ಪ ತಲೆಗೆ ರುಮಾಲು ಸುತ್ತಿಕೊಂಡು ಹಿಂದೆ ನಿಲ್ಲುತ್ತಿದ್ದರು. ಒಂದು ವರ್ಷ ಹಣ್ಣು ಚೆನ್ನಾಗಿ ಬಂತು, ಒಳ್ಳೆಯ ರೇಟಿಗೆ ಹೋಯಿತು. ಎಲ್ಲ ಮುಗಿದ ಮೇಲೆ ಅಣ್ಣ ಮಲಗಿದ, ಮತ್ತೆ ಏಳಲಿಲ್ಲ. ಜ್ವರವಿಲ್ಲ, ನೋವಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ, ಅಷ್ಟೇ.

ನೋಡಲು ಬಂದವರೆಲ್ಲ ಕಾರಣ ಹುಡುಕಿದರು. ಸಾಲವೇ? ಒಂದು ಪೈಸೆ ಇರಲಿಲ್ಲ. ಹುಡುಗಿಯ ವಿಷಯವೇ? ತೋಟ ಮಾಡುವವನಿಗೆ ಹೆಣ್ಣು ಸಿಗದ ಕಾಲ ಇದು. ಅದನ್ನೇ ಊರ ತುಂಬ ನಗೆ ಮಾಡಿ ಹೇಳಿಕೊಂಡು ತಿರುಗಿದವನು ಅಣ್ಣ. ಕೊನೆಗೆ ದೃಷ್ಟಿ ಎಂದರು, ನಿಂಬೆಹಣ್ಣು ಇಳಿಸಿದರು. ನನಗೆ ಮೈಯೆಲ್ಲ ಉರಿಯುತ್ತಿದ್ದುದು ಇದಕ್ಕೇ. ಕಾಲು ಮುರಿದರೆ ಒಂದು ಸಲ ಕೇಳಿ ಸುಮ್ಮನಾಗುವ ಜನ, ಮನಸ್ಸು ಮುರಿದರೆ ಪೊಲೀಸರ ಹಾಗೆ ವಿಚಾರಣೆಗೆ ಕೂರುತ್ತಾರೆ. ಕಾರಣ ಇರಲಿಲ್ಲ. ಅದನ್ನು ನಂಬಲು ಯಾರೂ ತಯಾರಿರಲಿಲ್ಲ, ಅಪ್ಪ ಕೂಡ.

ನಾನು ಉಗಾರ ಖುರ್ದದ ಹೈಸ್ಕೂಲಿನಲ್ಲಿ ಟೀಚರು. ಮದುವೆ ಬೇಡವೆಂದು ಮನೆಯಲ್ಲೇ ಉಳಿದವಳು. ಹಾಗಾಗಿ ಅಣ್ಣನನ್ನು ಮಿರಜಕ್ಕೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುವ ಕೆಲಸ ನನ್ನದಾಯಿತು. ಡಾಕ್ಟರು ಗುಳಿಗೆ ಬರೆದುಕೊಟ್ಟರು. ಜೊತೆಗೆ, ಜೀವ ಇರುವಂಥದ್ದು ಏನಾದರೂ ಇವನ ಕಣ್ಣ ಮುಂದೆ ಇರಲಿ, ಇವನೇ ನೋಡಿಕೊಳ್ಳುವಂಥದ್ದು ಎಂದರು. ನಾಯಿ ತಂದರೆ ಅದರ ಹಿಂದೆ ಓಡುವ ಶಕ್ತಿ ಅವನಿಗಿಲ್ಲ. ಗಿಡವೆಂದರೆ ಮುಖ ತಿರುಗಿಸುತ್ತಿದ್ದ. ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಮೀನಿನ ಅಂಗಡಿ ಕಂಡಿತು. ಹಿಂದೆಮುಂದೆ ನೋಡದೆ ಗಾಜಿನ ತೊಟ್ಟಿ, ಗಾಳಿಯ ಪಂಪು, ಒಂದಿಷ್ಟು ಬಣ್ಣದ ಮೀನು ತೆಗೆದುಕೊಂಡೆ. ಇವು ಗಾಜು ನೆಕ್ಕಿ ಸ್ವಚ್ಛ ಇಡುತ್ತವೆ ಎಂದು ಅಂಗಡಿಯವನು ಮರಾಠಿಯಲ್ಲಿ ಹೇಳಿ, ಕರಿ ಮೈಯ ಮೇಲೆ ಚುಕ್ಕೆಯಿದ್ದ ಎರಡು ಕುರೂಪಿ ಮೀನುಗಳನ್ನೂ ಚೀಲಕ್ಕೆ ಹಾಕಿದ. ಪ್ಲೆಕೋ ಎನ್ನುತ್ತಾರಂತೆ. ಚಪ್ಪಟೆ ಹೊಟ್ಟೆ, ಕೆಳಗೆ ಬಟ್ಟಲಿನಂಥ ಬಾಯಿ. ಗಂಡಿನ ಮೂತಿಯ ಮೇಲೆ ಕವಲು ಕವಲಾಗಿ ಮಾಂಸದ ಮೀಸೆ.

"ಮಿರ್ಜಿಗೆ ಔಷಧ ತರಾಕ ಹ್ವಾದಾಕಿ ಮೀನ ತಂದಾಳ ನೋಡ್ರಿ!" ಎಂದು ಅವ್ವ ಅಪ್ಪನಿಗೆ ದೂರು ಹೇಳಿದಳು.

"ಇವು ಸವತಿಕಾಯಿ ತಿಂತಾವ ಬೇ ಯವ್ವಾ. ನಮ್ಮಂಗ ಶಾಕಾಹಾರಿ," ಎಂದೆ.

"ಖರೇ ಏನ?"

ಸುಳ್ಳೇನೂ ಹೇಳಿರಲಿಲ್ಲ. ಮರುದಿನ ಅವ್ವನೇ ಸವತಿಕಾಯಿಯ ಹೋಳನ್ನು ಕುದಿಸಿ, ಆರಿಸಿ, ತೊಟ್ಟಿಗೆ ಹಾಕಿದಳು. ಎರಡೂ ಬಂದು ಅದಕ್ಕೆ ಬಾಯಿ ಅಂಟಿಸಿಕೊಂಡವು. ಆಮೇಲೆ ಬಣ್ಣದ ಮೀನುಗಳು ಒಂದೊಂದಾಗಿ ಸತ್ತು ಹೋದವು. ಈ ಕರಿಯವು ಮಾತ್ರ ಗಟ್ಟಿಯಾಗಿ ಉಳಿದವು.

ಬಹಳ ದಿನ ಅಣ್ಣ ಸುಮ್ಮನೆ ನೋಡುತ್ತ ಮಲಗಿದ್ದ. ಗೋಡೆಯ ಬದಲು ತೊಟ್ಟಿಯ ಕಡೆ ಮುಖ ಮಾಡಿದ್ದಾನೆ ಎಂಬುದೇ ನಮಗೆ ಹಬ್ಬ. ಒಂದು ದಿನ ನಾನು ಚಹಾ ಕೊಡಲು ಹೋದಾಗ, ತಾನಾಗಿ ಬಾಯಿ ಬಿಟ್ಟ.

"ತಂಗೆವ್ವಾ, ಅವಕ್ಕ ಅಡಗಾಕ ಜಾಗಾ ಇಲ್ಲ."

ಎದ್ದು ಹಿತ್ತಲಿಗೆ ಹೋಗಿ, ತೋಟಕ್ಕೆ ತಂದು ಉಳಿದಿದ್ದ ನೀರಿನ ಪೈಪಿನಿಂದ ಒಂದು ಗೇಣು ಕೊಯ್ದ. ಒಂದು ತುದಿಗೆ ಮುಚ್ಚಳ ಬಡಿದು, ಅಂಚನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿ, ತೊಟ್ಟಿಯ ತಳದಲ್ಲಿ ಅಡ್ಡ ಇಟ್ಟ. ಅವನ ಕೈಯಲ್ಲಿ ಗರಗಸ ನೋಡಿ ಅವ್ವ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಗಂಡು ಆ ಪೈಪಿನೊಳಗೆ ಹೊಕ್ಕು, ಅದು ತನ್ನ ಮನೆಯೇ ಎನ್ನುವ ಹಾಗೆ ಪೈಪಿನ ಬಾಯಲ್ಲಿ ಕೂತಿತು.

ಅಲ್ಲಿಂದ ಅಣ್ಣನಿಗೆ ಕೆಲಸ ಸಿಕ್ಕಿತು. ಈ ಮೀನು ಗವಿಯೊಳಗೆ ಮೊಟ್ಟೆ ಇಡುತ್ತದೆ, ಕಾಯುವುದು ಗಂಡು, ತಣ್ಣನೆಯ ಹೊಸ ನೀರು ಹಾಕಿದರೆ ಮಳೆ ಬಂತೆಂದು ತಿಳಿದು ಮೊಟ್ಟೆಗೆ ಬರುತ್ತದೆ, ಎಲ್ಲವನ್ನೂ ಮೊಬೈಲಿನಲ್ಲಿ ನೋಡಿ ತಿಳಿದುಕೊಂಡ. ಬೋರಿನ ನೀರು ಸವಳು, ಬೇಡ ಎಂದ. ನಳದಲ್ಲಿ ಬರುವ ಹೊಳೆಯ ನೀರನ್ನೇ ಬಕೆಟ್ಟಿನಲ್ಲಿ ಹಿಡಿದು ಇಟ್ಟುಕೊಂಡು ಹಾಕಿದ. ಒಂದು ಬೆಳಿಗ್ಗೆ ಹೆಣ್ಣು ಪೈಪಿನೊಳಗೆ ಹೋಯಿತು. ಗಂಡು ಬಾಯಿಗೆ ಅಡ್ಡ ನಿಂತು ಅದನ್ನು ಹೊರಗೆ ಬಿಡಲಿಲ್ಲ. ಬಿಟ್ಟ ಮೇಲೆ ಬಗ್ಗಿ ನೋಡಿದರೆ ಒಳಗೆ ಕೇಸರಿ ಬಣ್ಣದ ಬೂಂದಿ ಕಾಳಿನ ಹಾಗೆ ಮೊಟ್ಟೆಯ ಗೊಂಚಲು. ಗಂಡು ಅದರ ಮೇಲೆ ಕೂತು ಬಾಲದಿಂದ ಗಾಳಿ ಹಾಕುತ್ತಿತ್ತು. ತಿನ್ನಲೂ ಹೊರಗೆ ಬರಲಿಲ್ಲ.

ಅವ್ವ ಕನ್ನಡಕ ಹಾಕಿಕೊಂಡು ಬಂದು ನೋಡಿದಳು. "ಹಡದಾಕಿ ಹೊರಗ ಆರಾಮ ತಿರಗಾಕತ್ತಾಳ, ಗಂಡಸು ಬಾಣಂತನಾ ಮಾಡಾಕತ್ತಾನ. ನಿಮ್ಮಪ್ಪಗ ಕರದ ತೋರಸ್ರಿ ಇದನ್ನ."

ಅಣ್ಣ ನಕ್ಕ. ಹಲ್ಲು ಕಾಣುವ ಹಾಗೆ ನಕ್ಕ. ಅಪ್ಪ ಹೊರಗಿನ ಕಟ್ಟೆಯಿಂದಲೇ, ಮೂರು ಮಕ್ಕಳ ತೊಟ್ಟಿಲು ತೂಗಿದ್ದು ಯಾರು ಎಂದು ಕೂಗಿದರು. ಮೂರನೆಯದು ಯಾವುದು ಎಂದು ನಾವಿಬ್ಬರೂ ಕೇಳಿದೆವು. ಆ ತೊಟ್ಟಿಲು ಪಕ್ಕದ ಮನೆಯ ಮಗುವಿನದಂತೆ.

ಆ ಸಲದ ಗೊಂಚಲು ಉಳಿಯಲಿಲ್ಲ. ಗಂಡಿಗೆ ಹೊಸದು, ಬಾಲದಿಂದ ಬಡಿದು ತಾನೇ ಹೊರಗೆ ಕೆಡವಿತು. ಬಿದ್ದ ಮೊಟ್ಟೆಗೆ ಬಿಳಿ ಬೂಜು ಹಿಡಿಯಿತು. ಅಣ್ಣ ಊಟ ಬಿಟ್ಟು ಮಲಗಿದ. ಆದರೆ ಗಂಡು ಮತ್ತೆ ಪೈಪು ಉಜ್ಜಿ ಸ್ವಚ್ಛ ಮಾಡತೊಡಗಿದ್ದು ನೋಡಿ ಅವನೂ ಎದ್ದು ಕೂತ. ಮೊಟ್ಟೆ ಒಡೆದು ಮರಿಯಾದರೆ ಅಣ್ಣ ಪೂರ್ತಿ ಏಳುತ್ತಾನೆ, ಯಾರೂ ಬಾಯಿ ಬಿಟ್ಟು ಆಡದಿದ್ದರೂ ಮನೆಯಲ್ಲಿ ಎಲ್ಲರೂ ಹೀಗೇ ನಂಬಿದ್ದೆವು. ಆ ಮೀನಿಗೆ ಮರಿಯಾಗಲೆಂದು ಅವ್ವ ಹರಕೆ ಹೊತ್ತಿದ್ದಳೆಂದು ಆಮೇಲೆ ತಿಳಿಯಿತು. ಜಗತ್ತಿನಲ್ಲಿ ಇಂಥ ಹರಕೆ ಇನ್ನಾರೂ ಹೊತ್ತಿರಲಾರರು.

ಎರಡನೆಯ ಗೊಂಚಲು ದೊಡ್ಡದು. ಈ ಸಲ ಗಂಡು ಕಲಿತಿತ್ತು, ಒಂದು ಮೊಟ್ಟೆಯನ್ನೂ ಕೆಡವಲಿಲ್ಲ. ಅಣ್ಣ ಪೈಪಿನ ಎದುರು ಕುರ್ಚಿ ಹಾಕಿಕೊಂಡು ಕೂತ. ನಾನು ಶಾಲೆಯಿಂದ ಬಂದ ಕೂಡಲೇ ಟಾರ್ಚು ಹಿಡಿದು ವರದಿ ಒಪ್ಪಿಸುತ್ತಿದ್ದ. ಒಂದು ಸಂಜೆ ಅವನ ದನಿ ಬೇರೆಯಾಗಿತ್ತು.

"ತಂಗೆವ್ವಾ, ಡೌನಿ ಬಂದೈತಿ ನೋಡು."

ಡೌನಿ ಎಂದರೆ ದ್ರಾಕ್ಷಿ ಎಲೆಯ ಕೆಳಗೆ ಹತ್ತಿಯ ಹಾಗೆ ಹಿಡಿಯುವ ಬೂಜು. ಒಂದು ರಾತ್ರಿ ಅಲಕ್ಷ್ಯ ಮಾಡಿದರೆ ತೋಟ ಕೈಬಿಟ್ಟ ಹಾಗೆ. ಗೊಂಚಲಿನ ಅಂಚಿನಲ್ಲಿ ನಾಲ್ಕಾರು ಮೊಟ್ಟೆ ಬಿಳುಪೇರಿದ್ದವು.

"ಕೆಟ್ಟದ್ದನ್ನ ಅದ ಆರಿಸಿ ಒಗೀತೈತಿ ದಾದಾ. ಬಿಡು, ಅದರ ಕೆಲಸ ಅದಕ್ಕ ಗೊತ್ತೈತಿ," ಎಂದೆ.

"ಬಿಟ್ರ ಗೊನಿ ಪೂರಾ ಹೋಗ್ತೈತಿ," ಎಂದ. ಅವನ ಬಾಯಲ್ಲಿ ಅದು ಆಗಲೇ ದ್ರಾಕ್ಷಿ ಗೊನೆಯಾಗಿತ್ತು.

ಮರುದಿನ ನಾನು ಬಸ್ಸಿಗೆ ಹೋದ ಮೇಲೆ ಅಣ್ಣ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ತೋಟಕ್ಕೆ ಹೋಗಿ ಬರುತ್ತೇನೆ ಎಂದನಂತೆ. ವರ್ಷದ ಮೇಲಾಗಿತ್ತು ಅವನು ಆ ದಾರಿ ತುಳಿದು. ಅವ್ವ ನೀರು ಕುಡಿದು ಹೋಗು ಎಂದಳಂತೆ. ಮಧ್ಯಾಹ್ನ ಶಾಲೆಗೆ ಅಪ್ಪನ ಫೋನು ಬಂತು. ಅಪ್ಪ ತಾವಾಗಿ ಫೋನು ಮಾಡುವವರಲ್ಲ, ಮಾಡಿದರೆ ಯಾರೋ ಸತ್ತಿರಬೇಕು. ಕ್ಲಾಸು ಬಿಟ್ಟು ವರಾಂಡಕ್ಕೆ ಬಂದು ಎತ್ತಿದೆ.

"ನಿಮ್ಮಣ್ಣ ತ್ವಾಟಕ್ಕ ಬಂದಾನ," ಎಂದರು. "ಬಳ್ಳಿ ಕೆಳಗ ಅಡ್ಡಾಡಿ ಎಲಿ ತಿರುವಿ ತಿರುವಿ ನೋಡಿದಾ. ಎರಡನೇ ಸಾಲಿನಾಗ ನೀರ ಕಟ್ಟೇತಿ, ಕಣ್ಣ ಎಲ್ಲಿ ಇಟ್ಟೀರಿ ಅಂತ ನನ್ನ ಬೈದಾ." ಬೈದದ್ದನ್ನೇ ಇನ್ನೊಮ್ಮೆ ಹೇಳಿ ಫೋನು ಇಟ್ಟರು. ಬೈಸಿಕೊಂಡದ್ದಕ್ಕೆ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ನೋಡಿಲ್ಲ. ವರಾಂಡದ ಕಂಬ ಹಿಡಿದು ಅತ್ತೆ. ಮಕ್ಕಳು ನೋಡುತ್ತಿದ್ದರೂ ಅತ್ತೆ.

ಸಂಜೆಗೆ ಅವ್ವ ಗೋಧಿ ಹುಗ್ಗಿ ಮಾಡಿದ್ದಳು. ಅಣ್ಣ ತುಪ್ಪ ಸುರಿಸಿಕೊಂಡು ಎರಡು ಸಲ ಉಂಡ. ನನ್ನ ಶಾಲೆಯ ಸುದ್ದಿ ಕೇಳಿದ, ನನ್ನ ಸೀರೆಯ ಬಣ್ಣಕ್ಕೆ ಹಾಸ್ಯ ಮಾಡಿದ. ಈ ಸಲದ ಚಾಟ್ನಿ ಎಂದಿನಿಂದ ಹಿಡಿಯಬೇಕೆಂದು ಅಪ್ಪನ ಜೊತೆ ವಾದಕ್ಕೆ ಇಳಿದ. ಅವನು ತೋಟದ ಶೆಡ್ಡಿನಿಂದ ಏನಾದರೂ ತಂದಿದ್ದಾನೆಯೇ ಎಂದು ಕೇಳಬೇಕೆಂಬುದು ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ. ಯಾಕೆ ಹೊಳೆಯಬೇಕು?

ಬೆಳಿಗ್ಗೆ ಹೆಣ್ಣು ಮೇಲೆ ತೇಲುತ್ತಿತ್ತು, ಹೊಟ್ಟೆ ಮೇಲಾಗಿ. ಅಣ್ಣ ತೊಟ್ಟಿಯ ಮುಂದೆ ನಿಂತಿದ್ದ. ಕಿಟಕಿಯ ಕಟ್ಟೆಯ ಮೇಲೆ ಕಾಗದದ ಪುಡಿಕೆ ಬಿಚ್ಚಿ ಬಿದ್ದಿತ್ತು, ಅದರಲ್ಲಿ ನೀಲಿ ಹರಳು. ಮೋರ್ಚುದ, ಪುಸ್ತಕದಲ್ಲಿ ಬರೆಯುವುದಾದರೆ ಮೈಲುತುತ್ತ. ಬೂಜು ಬಾರದಂತೆ ಸುಣ್ಣದ ಜೊತೆ ಕಲಸಿ ದ್ರಾಕ್ಷಿಗೆ ಹೊಡೆಯುವುದು ಅದನ್ನೇ. ನಮ್ಮ ಭಾಗದಲ್ಲಿ ಬಳ್ಳಿ ಬೆಳೆಸಿದವರಿಗೆಲ್ಲ ಗೊತ್ತಿರುವ ಔಷಧ.

"ತ್ವಾಟಕ್ಕ ನೂರ ಲೀಟರಿಗೆ ಒಂದ ಕಿಲೋ ಹಾಕ್ತೇವಿ," ಎಂದ, ನನ್ನ ಕಡೆ ನೋಡದೆ. "ನಾ ಒಂದ ಚಿವುಟ ಹಾಕೀನಿ. ಒಂದ ಚಿವುಟ."

ಲೆಕ್ಕ ಸರಿಯಾಗಿಯೇ ಇತ್ತು, ಬಳ್ಳಿಗೆ. ಮೀನಿನ ಕಿವಿರಿಗೆ ತಾಮ್ರ ವಿಷ, ಚಿಟಿಕೆಯಷ್ಟೂ ವಿಷ. ಅದು ಅವನಿಗೆ ಹೇಗೆ ತಿಳಿಯಬೇಕು? ಇಪ್ಪತ್ತು ವರ್ಷ ಆ ಕೈ ಎಲೆ ಉಳಿಸಿದ್ದು ಅದೇ ನೀಲಿ ಪುಡಿಯಿಂದ. ನನಗೆ ಇಂದಿಗೂ ಸಹಿಸಲಾಗದ್ದು ಇನ್ನೊಂದು ಮಾತು. ಹಿಂದಿನ ಅಣ್ಣನಾಗಿದ್ದರೆ, ಸುಮ್ಮನೆ ಮಲಗಿ ನೋಡುತ್ತಿದ್ದವನಾಗಿದ್ದರೆ, ಮೊಟ್ಟೆ ಒಡೆದು ಮರಿಯಾಗುತ್ತಿದ್ದವು. ಗುಣವಾದದ್ದೇ ತಪ್ಪಾಯಿತು. ಎದ್ದು, ಯೋಚಿಸಿ, ತನಗೆ ಚೆನ್ನಾಗಿ ಗೊತ್ತಿದ್ದ ಕೆಲಸವನ್ನು ನಡೆದು ಹೋಗಿ ಮಾಡಿ ಬಂದ. ಆ ದಿನ ಅವನು ಪೂರ್ತಿ ಅವನಾಗಿದ್ದ. ಇಂಥ ಅನ್ಯಾಯಕ್ಕೆ ಯಾರನ್ನು ಬೈಯಬೇಕೆಂದು ನನಗೆ ತಿಳಿಯುವುದಿಲ್ಲ. ಬೈಯಲು ಒಬ್ಬರು ಸಿಕ್ಕಿದ್ದರೆ ಒಂದಿಷ್ಟು ಹಗುರಾಗುತ್ತಿದ್ದೆ.

ಪೈಪನ್ನು ಅವನೇ ಹೊರಗೆ ತೆಗೆದ. ಗಂಡು ಗೊಂಚಲಿನ ಮೇಲೆಯೇ ಸತ್ತಿತ್ತು. ಹೆಣ್ಣು ಉಸಿರಿಗಾಗಿ ಮೇಲೆ ಹೋಗಿತ್ತು, ಇದು ಹೋಗಿರಲಿಲ್ಲ.

"ಅಂವ ಚಲೋ ನೋಡ್ಕೋತಿದ್ದ," ಎಂದ ಅಣ್ಣ. "ನಾ ನಡುವ ಕೈ ಹಾಕಿದೆ."

ಮೀನಲ್ಲವೇ, ಬೇರೆ ತಂದರಾಯಿತು ಎಂದರು ಅಪ್ಪ. ನಾನು ಮುಂದಿನ ವಾರವೇ ಮಿರಜಕ್ಕೆ ಹೋಗಿ ಇನ್ನೊಂದು ಜೋಡಿ ತಂದೆ. ಅಣ್ಣ ಮತ್ತೆ ಗೋಡೆಯ ಕಡೆ ತಿರುಗಿದ್ದ. ಬೇಡ, ತಿರುಗಿ ಕೊಟ್ಟು ಬಾ, ನನ್ನ ಕೈಯಲ್ಲಿ ಏನನ್ನೂ ಕೊಡಬೇಡಿರಿ ಎಂದ. ಡಾಕ್ಟರು ಗುಳಿಗೆ ಹೆಚ್ಚಿಸಿದರು. ಅವ್ವ ಗಂಗಾಳ ಹಿಡಿದು ಅವನ ಪಕ್ಕದಲ್ಲಿ ಕೂರುತ್ತಾಳೆ. ಎರಡು ತುತ್ತು ಹೋದರೆ ಆ ದಿನ ಒಳ್ಳೆಯ ದಿನ.

ಅಪ್ಪ ಶೆಡ್ಡಿಗೆ ಬೀಗ ಹಾಕಿದರು. ಎಂದೂ ಬೀಗ ಕಾಣದ ಶೆಡ್ಡು ಅದು. ಮೋರ್ಚುದವಷ್ಟೇ ಅಲ್ಲ, ದ್ರಾಕ್ಷಿಯ ಔಷಧಗಳೆಲ್ಲ ಅಲ್ಲೇ ಇರುತ್ತವೆ. ಅಣ್ಣ ಒಂದು ಪುಡಿಕೆ ಕಟ್ಟಿಕೊಂಡು ಮನೆಗೆ ಬಂದದ್ದು ಆ ದಿನ ನಮಗೆ ಗೊತ್ತೇ ಆಗಿರಲಿಲ್ಲವಲ್ಲ. ಇನ್ನೊಂದು ಪುಡಿಕೆ ತಂದರೆ ಅದು ಮೀನಿಗಿರಲಿಕ್ಕಿಲ್ಲ ಎಂಬ ಯೋಚನೆ ಮೂವರ ತಲೆಯಲ್ಲೂ ಕೂತಿದೆ. ಬಾಯಿಗೆ ತರುವ ಧೈರ್ಯ ಒಬ್ಬರಿಗೂ ಇಲ್ಲ.

ಕಳೆದ ವಾರ, ನಾನು ಬಸ್ಸಿಗೆ ಹೊರಟು ನಿಂತಿದ್ದಾಗ, ಅಣ್ಣ ತಾನಾಗಿ ಎದ್ದು ಹೊರಗೆ ಬಂದ. ಗಡ್ಡ ಬೆಳೆದಿತ್ತು, ಅಂಗಿ ಸಡಿಲವಾಗಿತ್ತು. ಚಪ್ಪಲಿ ಮೆಟ್ಟಿಕೊಂಡ.

"ತ್ವಾಟದ ಕಡೆ ಹೋಗಿ ಬರ್ತೇನಿ," ಎಂದ.

ಈ ಒಂದು ಮಾತಿಗಾಗಿ ನಾವು ಕಾಣದ ಡಾಕ್ಟರಿಲ್ಲ, ಕಟ್ಟದ ಹರಕೆಯಿಲ್ಲ. ಅಪ್ಪ ಕಟ್ಟೆಯಿಂದ ಇಳಿದು ಬಂದು ಬಾಗಿಲಿಗೆ ಅಡ್ಡ ನಿಂತರು.

"ಈಗ ಬ್ಯಾಡಪಾ. ಬಿಸಲ ಭಾಳ ಐತಿ," ಎಂದರು. ಆಗಿನ್ನೂ ಬಿಸಿಲು ಅಂಗಳಕ್ಕೇ ಬಂದಿರಲಿಲ್ಲ.

ಅಣ್ಣ ಅಪ್ಪನನ್ನು ನೋಡಿದ. ನನ್ನನ್ನು ನೋಡಿದ. ನಾನು ಚೀಲವನ್ನು ಹೆಗಲಿಗೆ ಏರಿಸಿಕೊಂಡೆ.

"ಔಷಧಕ್ಕಲ್ರಿ ಅಪ್ಪಾ," ಎಂದ ಮೆಲ್ಲಗೆ. "ಬಳ್ಳಿ ನೋಡಾಕ ಹೊಂಟಿದ್ದೆ."

ಅಪ್ಪ ಬಾಗಿಲು ಬಿಡಲಿಲ್ಲ. ಅಣ್ಣ ಚಪ್ಪಲಿ ಕಳಚಿ, ಒಳಗೆ ಹೋಗಿ ಮಲಗಿಕೊಂಡ.