ಸರ್ ಹೇಳದೆ ಉಳಿದ ಅರ್ಧ

ಎದುರಿನವರು ಮಾತು ಶುರು ಮಾಡಿದರೆ ಸಾಕು, ನಮ್ಮ ಸರ್ ಕನ್ನಡಕ ತೆಗೆದು ಮಡಿಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಮೂಗಿನ ಎರಡೂ ಬದಿಗೆ ಹುಣಸೆಬೀಜದಷ್ಟು ದೊಡ್ಡ ಕೆಂಪು ಗುಳಿಗಳು ಕಾಣುತ್ತಿದ್ದವು. ಯಾಕೆ ಸರ್ ಎಂದು ಒಮ್ಮೆ ಕೇಳಿದ್ದೆ. “ಕಣ್ಣು ಸುಮ್ನ ಕುಂತ್ರ ಕಿವಿ ಛಲೋ ಕೆಲಸಾ ಮಾಡ್ತಾವವಾ” ಎಂದಿದ್ದರು. ಲಂಡನ್ನಿನಲ್ಲೇ ತಲೆ ನರೆತರೂ ಧಾರವಾಡ ಅವರ ನಾಲಿಗೆ ಬಿಟ್ಟಿರಲಿಲ್ಲ.

ಅವರು ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರೊಫೆಸರ್. ನಾನು ಅದೇ ವಿಭಾಗದ ಆಫೀಸಿನಲ್ಲಿ ಟೈಮ್‌ಟೇಬಲ್ ನೋಡಿಕೊಳ್ಳುವವಳು. ಮೈಸೂರಿನ ಅಜ್ಜಿಯ ಕೈಯಲ್ಲಿ ಮಾತು ಕಲಿತ ನನಗೆ ಅವರ ಕನ್ನಡ ಮೊದಮೊದಲು ಜಗಳದಂತೆ ಕೇಳಿಸುತ್ತಿತ್ತು. ಕೇಳುತ್ತಾ ಕೇಳುತ್ತಾ ಬೆಲ್ಲವಾಯಿತು.

ಅವರ ತರಗತಿಯಲ್ಲಿ ಒಂದು ಕಟ್ಟಳೆ. ಯಾರನ್ನಾದರೂ ವಿರೋಧಿಸುವ ಮುಂಚೆ ಅವರ ವಾದವನ್ನು ಅವರಿಗಿಂತ ಚೆನ್ನಾಗಿ ಹೇಳಬೇಕು. ಹೇಳಿ, “ಸರಿಯಾಯಿತೇ?” ಎಂದು ಕೇಳಬೇಕು. ಅವರು ಹೌದೆಂದು ತಲೆಯಾಡಿಸಿದ ಮೇಲೆಯೇ ನಿಮ್ಮ ಸರದಿ. ಟೀ ಕುಡಿಯುವಾಗಲೂ ಅಷ್ಟೇ. ನಾನು ಮೈಸೂರಿನ ದೋಸೆ ಹೊಗಳಿದರೆ, “ತಡಿಯವಾ, ಮೊದಲ ನಿನ್ನ ದ್ವಾಸಿ ಪರವಾಗಿ ನಾನ ಮಾತಾಡ್ತೀನಿ” ಎಂದು ಬಾಯಲ್ಲಿ ನೀರೂರುವಂತೆ ವರ್ಣಿಸಿ, ಆಮೇಲೆ ಅದರ ತಲೆಯ ಮೇಲೆ ತಮ್ಮೂರಿನ ಮಂಡಕ್ಕಿ ಗಿರ್ಮಿಟ್ ತಂದು ಕೂರಿಸುತ್ತಿದ್ದರು.

ಒಂದು ಮಧ್ಯಾಹ್ನ ವಿದ್ಯಾರ್ಥಿಗಳು ಹುಲ್ಲುಹಾಸಿನ ಮೇಲೆ ಯುದ್ಧದ ವಿರುದ್ಧ ಸಭೆ ಸೇರಿದ್ದರು. ಸರ್ ಅಲ್ಲಿ ನಿಂತು, ಬಾಂಬು ಮಾಡುವ ಕಂಪನಿಯ ಹಣದಲ್ಲಿ ಇತಿಹಾಸ ಕಲಿಸಬಾರದು, ವಿಶ್ವವಿದ್ಯಾಲಯ ಅದನ್ನು ವಾಪಸು ಕೊಡಲಿ ಎಂದರು. ಯಾರೋ ಫೋನಿನಲ್ಲಿ ಚಿತ್ರೀಕರಿಸಿದರು. ವಿಚಾರಣೆಗೆ ಕರೆ ಬಂತು. ಆಡಿದ ಮಾತು ಹಿಂತೆಗೆದುಕೊಳ್ಳಬೇಕು, ಇಲ್ಲವೇ ಕೆಲಸ ಬಿಡಬೇಕು.

ಜೊತೆಗೆ ಸಹೋದ್ಯೋಗಿಯೊಬ್ಬರು ಕೂರಬಹುದಿತ್ತು. ಸರ್ ನನ್ನನ್ನು ಕರೆದರು. ಲಿಫ್ಟಿನಲ್ಲಿ ಅಂಗಲಾಚಿದೆ.

“ಸರ್, ಇವತ್ತೊಂದಿನ ನಿಮ್ಮ ಕಡೆ ಮಾತ್ರ ಮಾತಾಡಿ. ಅವ್ರ ಕಡೆ ಮಾತಾಡೋಕೆ ಅವ್ರೇ ಇದಾರೆ.”

“ಹಂಗಾರ ಇಷ್ಟ ವರ್ಷ ಹುಡುಗೂರಿಗೆ ಹೇಳಿದ್ದು ಸುಳ್ಳೇನು?”

ಒಳಗೆ ಸಮಿತಿಯ ಅಧ್ಯಕ್ಷೆಯ ಎದುರು ನಿಂತು ಸರ್ ವಿಶ್ವವಿದ್ಯಾಲಯದ ಪರವಾಗಿಯೇ ಶುರು ಮಾಡಿದರು. ಆ ಹಣ ಹೋದರೆ ಎಷ್ಟು ಬಡ ಮಕ್ಕಳ ಓದು ನಿಲ್ಲುತ್ತದೆ, ಪ್ರೊಫೆಸರ್ ಆಡಿದ್ದನ್ನು ಜನ ಹೇಗೆ ಸಂಸ್ಥೆಯ ಮಾತೆಂದೇ ತಿಳಿಯುತ್ತಾರೆ, ಬೇರೆ ಅಭಿಪ್ರಾಯದ ವಿದ್ಯಾರ್ಥಿ ಅಂಥ ಪ್ರೊಫೆಸರ್ ತರಗತಿಯಲ್ಲಿ ಹೇಗೆ ಹೆದರಿ ಕೂರಬಹುದು, ಒಂದನ್ನೂ ಬಿಡಲಿಲ್ಲ. “ಸರಿಯಾಯಿತೇ?” ಎಂದರು. ಅಧ್ಯಕ್ಷೆ ಹೌದೆಂದರು. ಹಾಗೆಯೇ ಗಡಿಯಾರ ನೋಡಿ, ನಿಮ್ಮ ಸಮಯ ಮುಗಿಯಿತು ಎಂದರು. ಮಾತು ಹಿಂತೆಗೆದುಕೊಳ್ಳುತ್ತೀರಾ ಎಂಬ ಪ್ರಶ್ನೆಗೆ ಸರ್ ಇಲ್ಲವೆಂದರು. ಕೆಲಸ ಹೋಯಿತು.

ಹೊರಗೆ ಬಂದು ನಾನೇ ಅತ್ತೆ. “ಅವ್ರಿಗೇ ಗೊತ್ತಿಲ್ಲದ್ದನ್ನೆಲ್ಲ ನೀವೇ ಹೇಳಿಕೊಟ್ರಿ, ಸರ್.”

“ಆದ್ರೂ ಛಲೋ ಹೇಳಿದ್ನಿಲ್ಲವಾ?” ಎಂದು ನಕ್ಕರು.

ಮುಂದೆ ಟೂಟಿಂಗ್ ಬಡಾವಣೆಯ ದೋಸೆ ಹೋಟೆಲೊಂದರ ಮಹಡಿಯಲ್ಲಿ ಸರ್ ಅವರ ಶನಿವಾರದ ಪಾಠ ಶುರುವಾಯಿತು. ಕಾಫಿ ತರಿಸಿಕೊಂಡವರೆಲ್ಲ ವಿದ್ಯಾರ್ಥಿಗಳು. ಮನೆಯಲ್ಲಿ ನನ್ನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು ಅವರ ಹತ್ತಿರ ವಾದಿಸುವುದಕ್ಕೆಂದೇ ಅರ್ಧಂಬರ್ಧ ಧಾರವಾಡ ಕನ್ನಡ ಕಲಿತಳು. ಹೋದ ಚಳಿಗಾಲ ಸರ್ ನಿದ್ದೆಯಲ್ಲೇ ತೀರಿಕೊಂಡರು.

ಅದೇ ಮಹಡಿಯಲ್ಲಿ ಅವರನ್ನು ನೆನೆಯಲು ಸೇರಿದ್ದೆವು. ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಆ ಅಧ್ಯಕ್ಷೆ. ನನಗೆ ಮೈ ಉರಿಯಿತು.

“ಅವತ್ತು ಅವರು ನಮ್ಮ ಅರ್ಧ ಹೇಳಿದರು. ಅವರ ಅರ್ಧ ಕೇಳುವ ತಾಳ್ಮೆ ನನಗಿರಲಿಲ್ಲ. ಅದನ್ನು ಇಲ್ಲಿ ಹೇಳಬಹುದೇ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಯಾರೂ ಬೇಡವೆನ್ನಲಿಲ್ಲ. ನಾನು ಕನ್ನಡಕ ತೆಗೆದು ಮಡಿಚಿ ಕೈಯಲ್ಲಿ ಹಿಡಿದುಕೊಂಡೆ. ಕಲಿಸುವವರ ಬಾಯಿ ಕಟ್ಟಿದರೆ ಮೊದಲು ಮಾತು ನಿಲ್ಲಿಸುವವರು ಕಲಿಯುವವರು ಎಂಬಲ್ಲಿಂದ ಹಿಡಿದು, ತಡವರಿಸುತ್ತಾ, ಅವರು ಸರ್ ಪರವಾಗಿ ವಾದಿಸಿದರು. ಕೊನೆಗೆ, ಅಂದು ಸರ್ ಪಕ್ಕದಲ್ಲಿ ಕೂತಿದ್ದ ನನ್ನ ಕಡೆಗೆ ತಿರುಗಿ, ಸರಿಯಾಯಿತೇ ಎಂದು ಕೇಳಿದರು.

ಸರ್ ಇದ್ದಿದ್ದರೆ ಒಂದೆರಡು ತಿದ್ದುಪಡಿ ಹೇಳುತ್ತಿದ್ದರು. ನಾನು ಹೌದೆಂದು ತಲೆಯಾಡಿಸಿದೆ.