ಎತ್ತಿನ ಕೋಡಿನ ಹಳದಿ

ಹುಮನಾಬಾದಿನ ಹೆದ್ದಾರಿ ಪಕ್ಕದ ತಗಡಿನ ಗ್ಯಾರೇಜಿನಲ್ಲಿ ಜಲಾಲುದ್ದೀನ್ ಮಿಸ್ತ್ರಿ ಇಪ್ಪತ್ತೆಂಟು ವರ್ಷ ಬ್ರೇಕಿನ ಕೆಲಸವೊಂದನ್ನೇ ಮಾಡಿದ. ಎಂಜಿನ್ ಕೆಟ್ಟಿದೆ ಎಂದು ಬಂದವರನ್ನು, "ಓಡಸೋದು ಯಾರರೆ ಕಲಸ್ತಾರ. ನಾ ನಿಂದ್ರಸೋದು ಅಷ್ಟೇ ಕಲ್ತೀನಿ," ಎಂದು ಪಕ್ಕದ ಅಂಗಡಿಗೆ ಅಟ್ಟುತ್ತಿದ್ದ. ಸೊಕ್ಕಿನ ಮನುಷ್ಯ. ಆದರೆ ಕೈಯಲ್ಲಿ ಕೆಲಸವಿತ್ತು, ಹಾಗಾಗಿ ಸೊಕ್ಕು ನಡೆಯುತ್ತಿತ್ತು.

ಎರಡು ಸಾವಿರದ ಇಸವಿಯಲ್ಲಿ ಮಂಠಾಳದ ದಿಗಂಬರ ಸಾವುಕಾರ ನಾಲ್ಕೂ ಗಾಲಿಯಿಂದ ಎಳೆಯುವ ಹೊಸ ಫೋರ್ ವೀಲ್ ಗಾಡಿ ತಂದ. ಮಳೆಗಾಲದ ಎರೆಮಣ್ಣಿನಲ್ಲಿ ಬೇರೆ ಗಾಡಿಗಳು ಹೂತು ಕೂತರೂ ಇದು ಎದ್ದು ಬರುತ್ತದೆ, ಮಂಠಾಳ, ಬಸವಕಲ್ಯಾಣ, ಹುಮನಾಬಾದ್ ಎಂದು ದಿನವಿಡೀ ಮಂದಿಯನ್ನು ಹೇರಬಹುದು ಎಂಬುದು ಅವನ ಎಣಿಕೆ. ತೊಡಕಾದದ್ದು ಗಾಲಿಯದು. ಕಂಪನಿಯ ದೊಡ್ಡ ಗಾಲಿಗೆ ಟೈರು ಹೈದರಾಬಾದಿನಿಂದಲೇ ಬರಬೇಕು. ಮೇಲಾಗಿ ಗಾಡಿ ಎತ್ತರವಾಗಿ, ಮುದುಕಿಯರು ಹತ್ತಲಾರದೆ ಬೇರೆ ಗಾಡಿ ನೋಡಿಕೊಳ್ಳುತ್ತಿದ್ದರು. ಸಣ್ಣ ಗಾಲಿ ಹಾಕೋಣವೆಂದರೆ ಒಳಗಿನ ಬ್ರೇಕು ಅದಕ್ಕೆ ತಾಗುತ್ತಿತ್ತು. ಬ್ರೇಕನ್ನು ಮುಟ್ಟಿದರೆ ಮೂರು ವರ್ಷದ ವಾರಂಟಿ ಹೋಯಿತು. ಮುಟ್ಟಿದ್ದು ತಿಳಿಯಲೆಂದೇ ಕಂಪನಿಯವರು ಒಂದೊಂದು ಬೋಲ್ಟಿಗೂ ಹಳದಿ ಬಣ್ಣದ ಗೆರೆ ಎಳೆದಿದ್ದರು.

"ನಿನ್ನ ಕೈಲೆ ಆಗೂದಿಲ್ಲೇನು, ಜಲಾಲ್ ಭಾಯಿ?" ಎಂದ ದಿಗಂಬರ.

ಆಗುವುದಿಲ್ಲ ಎಂಬ ಮಾತು ಜಲಾಲುದ್ದೀನನ ಬಾಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ಅದೇ ಅವನ ರೋಗ.

ಮುಂದಿನ ಗಾಲಿಗಳ ಬ್ರೇಕಿನ ತಟ್ಟೆಗಳನ್ನೂ ಅವನ್ನು ಕಚ್ಚಿ ಹಿಡಿಯುವ ಭಾಗಗಳನ್ನೂ ಬಿಚ್ಚಿ, ಹಳೆಯ ಜೀಪೊಂದರ ಸಣ್ಣ ಬ್ರೇಕು ಕೂಡಿಸಿದ. ಕಂಪನಿಯ ಸಾಮಾನನ್ನು ಎಣ್ಣೆ ಸವರಿ ಗೋಣಿಚೀಲದಲ್ಲಿ ಕಟ್ಟಿಟ್ಟ. ಕಂಪನಿಯ ಸರ್ವಿಸಿಗೆ ಒಯ್ಯುವ ಹಿಂದಿನ ದಿನ ಗಾಡಿ ಅವನಲ್ಲಿಗೆ ಬರಬೇಕು. ಆಗ ಅಸಲಿ ಬ್ರೇಕು, ದೊಡ್ಡ ಗಾಲಿ. ಸರ್ವಿಸ್ ಮುಗಿದ ಮರುದಿನ ಮತ್ತೆ ಸಣ್ಣವು. ಒಡೆದ ಹಳದಿ ಗೆರೆಗೂ ಮದ್ದು ಹುಡುಕಿದ್ದ: ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಳಿಯುವ ಹಳದಿಗೆ ಒಂದು ತೊಟ್ಟು ಸೀಮೆಎಣ್ಣೆ ಬೆರೆಸಿ, ಬೆಂಕಿಕಡ್ಡಿಯ ತುದಿಯಿಂದ ಎಳೆದುಬಿಡುತ್ತಿದ್ದ. ಕಂಪನಿಯ ಮನುಷ್ಯ ಬ್ಯಾಟರಿ ಬಿಟ್ಟು ನೋಡಿದರೂ ಗೆರೆ ಯಾರದೆಂದು ತಿಳಿಯಲಿಲ್ಲ. ಜಲಾಲುದ್ದೀನ್ ಅದನ್ನು ಹೇಳಿಕೊಂಡು ವಾರಗಟ್ಟಲೆ ನಕ್ಕ.

ಒಂದೇ ಕರಾರು ಹಾಕಿದ್ದ. "ಸಣ್ಣ ಬ್ರೇಕ್ ಅದಾವ, ಸಾವುಕಾರ್ರ. ಎಂಟ ಮಂದಿ. ಮ್ಯಾಲ ಒಬ್ಬರೂ ಬ್ಯಾಡ."

ದಿಗಂಬರ ತಲೆಯಾಡಿಸಿದ. ಗಾಡಿಯಲ್ಲಿ ಹದಿನಾಲ್ಕು ಮಂದಿ ಕೂತರು.

ಗಾಡಿ ಓಡಿಸುತ್ತಿದ್ದವನು ಕೊಡಂಬಲದ ಸಂಜೀವಕುಮಾರ. ಮೂವತ್ತರ ಒಳಗಿನವನು, ಮಿತಭಾಷಿ. ಎರಡನೆಯ ಮಳೆಗಾಲದಲ್ಲಿ ಅವನೊಬ್ಬನೇ ಗ್ಯಾರೇಜಿಗೆ ಬಂದ.

"ಚಾಚಾ, ಇಳಿವಿನ್ಯಾಗ ಬ್ರೇಕ್ ಭಾಳ ಕಾಯಾಕತ್ತಾವ್ರಿ. ಪೆಡಲ್ ನೆಲಕ್ಕ ಹತ್ತತದ. ದೊಡ್ಡ ಗಾಲಿನೇ ಹಾಕ್ರಿ ಅಂತ ಮಾಲಕರಿಗೆ ಒಂದ ಮಾತ ಹೇಳ್ರಿ. ನಾ ಹೇಳಿದ್ರ ನೌಕರಿ ಹೋಗ್ತದ."

"ನನ್ನ ಕೆಲಸಕ್ಕ ಹೆಸರಿಡ್ತಿಯೇನೋ?" ಎಂದು ಜಲಾಲುದ್ದೀನ್ ರೇಗಿದ. ಹೊಸ ಎಣ್ಣೆ ತುಂಬಿ, ಖಾಲಿ ಗಾಡಿಯನ್ನು ಪಕ್ಕದ ಹುಡಗಿ ಊರಿನವರೆಗೆ ಓಡಿಸಿ ಮೂರು ಸಲ ನಿಲ್ಲಿಸಿ ತೋರಿಸಿದ. ಖಾಲಿ ಗಾಡಿ ನಿಲ್ಲದೆ ಏನು ಮಾಡೀತು? ದಿಗಂಬರನಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ ತನ್ನ ಕೆಲಸ ಸೋತಿತೆಂದು ಒಪ್ಪಿದಂತಾಗುತ್ತಿತ್ತಲ್ಲ.

ಇಪ್ಪತ್ತು ದಿನಕ್ಕೆ ಬಸವಕಲ್ಯಾಣದ ಈಚೆಯ ಇಳಿವಿನಲ್ಲಿ ಗಾಡಿ ನಿಲ್ಲದೆ ಹೋಗಿ ಬೇವಿನ ಮರಕ್ಕೆ ಬಡಿಯಿತು. ಸಂಜೀವಕುಮಾರ ಸತ್ತ. ಅವನ ಜೊತೆ ಮೂವರು ಸತ್ತರು. ಅವರಲ್ಲೊಬ್ಬಳು ಅವನ ಎದುರುಮನೆಯ ಶಂಕರಲಿಂಗನ ಹೆಂಡತಿ.

ಮರುದಿನ ದಿಗಂಬರ ಬಂದ. ನುಜ್ಜಾದ ಗಾಡಿಯನ್ನು ಎಳೆಸಿ ತನ್ನ ಕಣದಲ್ಲಿ ನಿಲ್ಲಿಸಿಕೊಂಡಿದ್ದ. "ನಾಡದು ತಪಾಸಣಿಗೆ ಬರ್ತಾರ. ಅಸಲಿ ಸಾಮಾನ ಕೂಡಸು. ಇಲ್ಲಂದ್ರ ಇಬ್ಬರೂ ಒಳಗ."

ಜಲಾಲುದ್ದೀನ್ ಗೋಣಿಚೀಲ ಹೊತ್ತು ಹೋದ. ಗಾಲಿ ಬಿಚ್ಚಿದಾಗ ಬ್ರೇಕಿನ ತಟ್ಟೆಗಳು ಕಾದು ನೀಲಿಗಟ್ಟಿದ್ದು ಕಂಡಿತು. ಅವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಸಂಜೀವಕುಮಾರ ಇಳಿವಿನ ಉದ್ದಕ್ಕೂ ಬ್ರೇಕು ಒತ್ತಿ ಹಿಡಿದಿದ್ದ; ಹಿಡಿಯದೆ ಹೋದದ್ದು ಬ್ರೇಕು. ಆದರೂ ಅಸಲಿ ಸಾಮಾನು, ದೊಡ್ಡ ಗಾಲಿ ಕೂಡಿಸಿದ, ಕೆಸರು ಮೆತ್ತಿದ, ಬೆಂಕಿಕಡ್ಡಿಯಿಂದ ಹಳದಿ ಗೆರೆ ಎಳೆದ. ಒಂದು ಗೆರೆಯೂ ಸೊಟ್ಟಗಾಗಲಿಲ್ಲ. ಅದನ್ನು ನೆನೆದಾಗಲೆಲ್ಲ ಮುಂದೆ ಅವನಿಗೆ ತನ್ನ ಮೇಲೆಯೇ ಹೇಸಿಕೆ ಬರುತ್ತಿತ್ತು.

ಬ್ರೇಕು ಸರಿಯಿದೆ, ಕಂಪನಿಯ ಗುರುತು ಒಡೆದಿಲ್ಲ, ತಪ್ಪು ಚಾಲಕನದು ಎಂದು ವರದಿಯಾಯಿತು. ಕುಡಿದಿದ್ದನಂತೆ ಎಂದು ಮಂದಿ ತಾವೇ ಸೇರಿಸಿದರು. ಸತ್ತವನು ಎದ್ದು ಬಂದು ಇಲ್ಲ ಎನ್ನುತ್ತಾನೆಯೇ!

ಸಂಜೀವಕುಮಾರನ ದಿನಕರ್ಮ ಮುಗಿಸಿ ಅವನ ಹೆಂಡತಿ ವಿದ್ಯಾವತಿ ಗ್ಯಾರೇಜಿಗೆ ಬಂದಳು. "ಚಾಚಾ, ಊರಾಗ ನಮ್ಮನ್ನ ಯಾರೂ ಮಾತಾಡಸವಲ್ರು. ಕೊಂದವನ ಮನಿ ಅಂತಾರ. ಬ್ರೇಕ್ ಹಿಡಿಯಂಗಿಲ್ಲ ಅಂತ ನಮ್ಮ ಮನಿಯವರು ನನ್ನ ಮುಂದ ಅಂತಿದ್ರು. ಖರೆ ಏನದ, ನೀವರೆ ಹೇಳ್ರಿ."

"ಬ್ರೇಕ್ ಚಲೋ ಇದ್ವು, ಬೇಟಿ," ಎಂದ ಜಲಾಲುದ್ದೀನ್.

ಅವಳು ತಿರುಗಿ ಹೋದಳು. ಅಂದಿನಿಂದ ಅವನು ಉಣ್ಣದೆ ತಾಟು ಸರಿಸುತ್ತಿದ್ದ. ಕೊನೆಗೆ ಹೆಂಡತಿ ಶಹಜಾದಿ ಮಂಚದ ಕೆಳಗಿನ ಗೋಣಿಚೀಲ ಎಳೆದಳು. ಅಂದು ಕಣದಲ್ಲಿ ಬಿಚ್ಚಿ ತಂದಿದ್ದ ನೀಲಿ ತಟ್ಟೆಗಳು ಅದರಲ್ಲಿದ್ದವು. ಯಾವುವೆಂದು ಕೇಳಿದಳು. ಅವನು ಎಲ್ಲವನ್ನೂ ಹೇಳಿದ.

"ಇವು ನಮ್ಮನ್ಯಾಗ ಇರೋವಲ್ಲ," ಎಂದಳು ಅವಳು. "ಎತ್ಕೊಂಡ ಹೋಗ್ರಿ."

ಅವನು ಚೀಲವನ್ನು ಪೊಲೀಸ್ ಠಾಣೆಗೆ ಒಯ್ದ. ಸಾಹೇಬರು ವರದಿ ತಿರುವಿ ಹಾಕಿ ನಕ್ಕರು. "ಗುರುತು ನಮ್ದೇ ಅಂತ ಕಂಪನಿಯವರೇ ಸಹಿ ಹಾಕ್ಯಾರ. ನೀ ಎತ್ತಿನ ಬಣ್ಣದ ಕಥಿ ಹೇಳಾಕತ್ತಿ. ಈ ತಟ್ಟಿ ಯಾವ ಗಾಡಿದೋ ಏನೋ. ಮುದುಕಾಗಿದಿ, ಮನಿಗೆ ಹೋಗು." ದಿಗಂಬರನನ್ನು ಕೇಳಿದರೆ, ಪಾಪ, ಮಿಸ್ತ್ರಿಗೆ ತಲೆ ಕೆಟ್ಟಿದೆ ಎಂದನಂತೆ. ಕೆಲಸ ಅಷ್ಟು ಚೊಕ್ಕವಾಗಿತ್ತು. ಮಾಡಿದವನೇ ಬಂದು ಮಾಡಿದೆನೆಂದರೂ ಯಾರೂ ನಂಬಲಿಲ್ಲ.

ಚೀಲ ಹೊತ್ತು ಕೊಡಂಬಲಕ್ಕೆ ನಡೆದ. ಸಂಜೀವಕುಮಾರನ ತಾಯಿ ಕಸ್ತೂರಿಬಾಯಿ ಕಟ್ಟೆಯ ಮೇಲೆ ಕೂತಿದ್ದಳು. ವಿದ್ಯಾವತಿ ಬಾಗಿಲಿಗೆ ಬಂದಳು. ಅವನು ನೆಲಕ್ಕೆ ಕೂತು, ತಟ್ಟೆಗಳನ್ನು ಅವರ ಮುಂದಿಟ್ಟು, ತಲೆ ಬಗ್ಗಿಸಿ ಮೆಲ್ಲಗೆ ಹೇಳಿ ಮುಗಿಸಿದ.

ವಿದ್ಯಾವತಿ ಅಳಲಿಲ್ಲ. "ಅವತ್ತ ಯಾಕ ಹೇಳಲಿಲ್ಲ?" ಎಂದಳು.

ಆಮೇಲೆ ಅತ್ತೆಯ ಪಕ್ಕಕ್ಕೆ ಬಂದು ನಿಂತಳು.

"ನಮ್ಮ ಅತ್ತಿಯವರಿಗೆ ಕಿವಿ ಮಂದ ಅದ. ಜೋರಲೆ ಹೇಳ್ರಿ."

ಅವನು ಜೋರಾಗಿ ಹೇಳಿದ: "ನಿಮ್ಮ ಮಗಂದು ತಪ್ಪಿಲ್ರಿ, ಅಮ್ಮಾ. ಬ್ರೇಕ್ ನಾ ಬದಲ್ ಮಾಡಿದ್ದೆ."

"ಇನ್ನೂ ಜೋರಲೆ," ಎಂದಳು ಮುದುಕಿ, ಎದುರುಮನೆಯ ಕಡೆ ನೋಡುತ್ತ.

ಹೆಂಡತಿಯನ್ನು ಕಳೆದುಕೊಂಡ ಶಂಕರಲಿಂಗನ ಬಾಗಿಲು ಎರಡು ತಿಂಗಳಿಂದ ಇವರ ಕಡೆಗೆ ಮುಚ್ಚಿತ್ತು. ಜಲಾಲುದ್ದೀನ್ ಎದ್ದು ನಿಂತು, ಓಣಿಗೆಲ್ಲ ಕೇಳುವಂತೆ ಕೂಗಿದ: "ಸಂಜೀವಂದು ತಪ್ಪಿಲ್ಲ! ಅವ ಬ್ರೇಕ್ ಒತ್ತಿದ್ದ! ಕೆಡಿಸಿದಾಂವ ನಾನು, ಮುಚ್ಚಿದಾಂವನೂ ನಾನೇ!"

ಬಾಗಿಲು ತೆರೆದು ಶಂಕರಲಿಂಗ ಹೊರಗೆ ಬಂದ. ಮೊದಲು ಕಸ್ತೂರಿಬಾಯಿಯನ್ನು ನೋಡಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಓಣಿ ದಾಟಿ, ಜಲಾಲುದ್ದೀನನ ಕಡೆಗೆ ನಡೆದ. ಜಲಾಲುದ್ದೀನ್ ಓಡದೆ ನಿಂತಲ್ಲೇ ನಿಂತ.