ಊಟಕ್ಕೆ ಕೂತ ಹೊನ್ನಜೀರುಂಡೆ

ಹೂವುಣ್ಣುವ ಹೊನ್ನಜೀರುಂಡೆಯ ವಿಷಯದಲ್ಲಿ, ನಮ್ಮ ವಸ್ತುಸಂಗ್ರಹಾಲಯದ ಕೀಟ ವಿಭಾಗದ ಮುಖ್ಯಸ್ಥೆಯಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ಮೇಡಂ ಅವರ ಮಾತೇ ಕೊನೆಯ ಮಾತು. ಶಿಷ್ಯರಾದ ನಾವು ಬೆನ್ನ ಹಿಂದೆ ಅವರನ್ನು ‘ಹೂವಮ್ಮ’ ಎನ್ನುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು.

ಹೆಬ್ಬೆರಳಿನ ಉಗುರಿನಷ್ಟೇ ಇರುವ ಜೀವ ಅದು. ಅದರ ಹಸಿರು ಹೊನ್ನಿನ ಹೊಳಪು ಬಣ್ಣದ್ದಲ್ಲ, ಮೈಪದರಗಳಲ್ಲಿ ಬೆಳಕು ಆಡುವ ಆಟ. ಆದ್ದರಿಂದಲೇ ಸತ್ತ ಮೇಲೂ ಮಾಸದು. ಹಳದಿ ಹೂಗಳ ಪರಾಗ ತಿನ್ನುತ್ತ ಕೆಲವೇ ವಾರ ಬದುಕುತ್ತದೆ. ಆದರೆ ಅದರ ಮರಿಹುಳು ಯಾವ ಮರದೊಳಗೆ ಬೆಳೆಯುತ್ತದೆಂದು ಯಾರಿಗೂ ತಿಳಿದಿರಲಿಲ್ಲ. ಸೇವೆಯುದ್ದಕ್ಕೂ ಮೇಡಂ ಬೆನ್ನು ಹತ್ತಿದ್ದು ಈ ಒಂದೇ ಪ್ರಶ್ನೆಯನ್ನು. ಒಣಮರ ಸೀಳಿ ಸೀಳಿ ಅವರ ಅಂಗೈ ಬಡಗಿಯ ಅಂಗೈಯಂತಾಗಿತ್ತು.

ನಾನು ಸೇರಿದ ಹೊಸತರಲ್ಲಿ ಹೂವಿನ ಮೇಲಿದ್ದ ಜೀರುಂಡೆಗೆ ಬಲೆ ಬೀಸಹೋದಾಗ ಕೈ ಹಿಡಿದು ತಡೆದರು. “ಊಟಕ್ಕೆ ಕೂತವರನ್ನ ಎಬ್ಬಿಸಬಾರದು ಕಣಮ್ಮ. ತಿಂದಾಗ್ಲಿ.” ತಿಂದು ಅದು ಹಾರಿಯೇ ಹೋಯಿತು; ಅವರಿಗೆ ಬೇಸರವಾಗಲಿಲ್ಲ. ಮುಂದೆ ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ ನನ್ನ ಪಾಲಿನ ಕೀಟಮಾದರಿಗಳ ಪೆಟ್ಟಿಗೆಗಳನ್ನೆಲ್ಲ ತಾವೇ ಜೋಡಿಸಿ, ಚೀಟಿಗಳ ಮೇಲೆ ನನ್ನ ಹೆಸರನ್ನೇ ಬರೆದರು.

ನಿವೃತ್ತಿಯ ಆದೇಶ ಬಂದ ದಿನ ಅವರು ಆ ಪ್ರಶ್ನೆಯನ್ನು ನನಗೆ ಒಪ್ಪಿಸಿದರು. “ನನ್ನ ಕೈಲಾಗಲಿಲ್ಲ. ನೀನು ನೋಡು.”

ಮರುವಾರ ಬೆಳಿಗ್ಗೆ ಕಸ ಗುಡಿಸುತ್ತಿದ್ದ ಆಯಾ ಕರೆದರು: “ಮೇಡಂ, ನಿಮ್ಮ ಮೇಜಿನ ಕಾಲಿಂದ ಏನೋ ಹೊರಗೆ ಬರ್ತಿದೆ.”

ನಾವೆಲ್ಲ ನೆಲದ ಮೇಲೆ ಕೂತುಬಿಟ್ಟೆವು. ಹೊಸ ತೂತಿನಿಂದ ಹೊನ್ನಜೀರುಂಡೆ ತಲೆ ಹೊರಹಾಕಿತ್ತು. ಆ ಮೇಜು, ಮೇಡಂ ಕೆಲಸಕ್ಕೆ ಸೇರಿದಾಗ ಆವರಣದಲ್ಲಿ ಬಿದ್ದಿದ್ದ ಮರದಿಂದ ಮಾಡಿಸಿದ್ದು; ಅವರು ಹುಡುಕುತ್ತಿದ್ದ ಮರ ಅದೇ. ಒಣಗಿದ ಮರದಲ್ಲಿ ಸತ್ವ ಕಡಿಮೆ, ಒಳಗೆ ಉಳಿದಿದ್ದ ಮರಿಹುಳುವಿನ ಬೆಳವಣಿಗೆಯೂ ನಿಧಾನ. ಅಗಿದ ಪುಡಿಯನ್ನು ಹೊರಗೆ ಬೀಳಿಸದೆ ತನ್ನ ಹಿಂದೆಯೇ ಒತ್ತಿಡುತ್ತ, ಅವರು ಕಾಡು ಮೇಡು ಅಲೆದಷ್ಟು ಕಾಲವೂ ಅದು ಅವರ ಮೊಣಕಾಲ ಪಕ್ಕದಲ್ಲೇ ಇತ್ತು.

ನಾನು ಸೀಸೆ ಚಾಚಿದೆ. ಅವರು ಜೀರುಂಡೆಯನ್ನು ಬೆರಳಿಗೆ ಹತ್ತಿಸಿಕೊಂಡು ಕಿಟಕಿಯ ಕುಂಡದಲ್ಲಿದ್ದ ಹಳದಿ ಹೂವಿಗೆ ಬಿಟ್ಟರು. “ಇಷ್ಟು ವರ್ಷ ಬರೀ ಕಟ್ಟಿಗೆ ತಿಂದಿದೆ. ಮೊದ್ಲು ಊಟ ಮಾಡ್ಲಿ.” ಅದು ಉಂಡು ಮುಗಿಸುವವರೆಗೆ ನಾನು ಸೀಸೆ ಹಿಡಿದು ಕಾದೆ.

ಬೀಳ್ಕೊಡುಗೆಗೆ ಮೇಡಂ ಕೇಳಿದ್ದು ಆ ಮೇಜನ್ನು ಮಾತ್ರ; ಕೊಟ್ಟಿದ್ದೇವೆ. ಕಿವಿಯಿಟ್ಟರೆ ಅದರ ಇನ್ನೊಂದು ಕಾಲಿನಲ್ಲಿ ಸಣ್ಣಗೆ ಅಗಿಯುವ ಸದ್ದು ಕೇಳುತ್ತದೆ. ಆ ಹುಳು ಹೊರಬರಲು ಎಷ್ಟು ವರ್ಷ ಬೇಕೋ ಅಷ್ಟು ವರ್ಷವೂ, ಹೂಕುಂಡಕ್ಕೆ ನೀರೆರೆಯುತ್ತ, ನಮ್ಮ ಹೂವಮ್ಮ ಇರಲಿ.